ಅತ್ತೆಯ ಆಕಳಿಕೆ

ಗಣಿತದ ಟೀಚರಿಗೆ ಕೆಲಸಕ್ಕೆ ಸೇರಿದ ವರ್ಷವೇ ಮಕ್ಕಳು ಇಟ್ಟ ಹೆಸರು ‘ಜೋಗುಳ ಟೀಚರ್’. ಹೆಸರು ಸುಮ್ಮನೆ ಬರಲಿಲ್ಲ ಬಿಡಿ. ಅವರು ಭಿನ್ನರಾಶಿ ಶುರುಮಾಡುವಷ್ಟರಲ್ಲಿ ಕೊನೆಯ ಬೆಂಚು ತೂಕಡಿಸುತ್ತಿತ್ತು. ಪಾಠದ ಯೋಜನೆಯನ್ನೇನೋ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು, ಹೆಡ್‌ಮಾಸ್ಟರು ಮೆಚ್ಚಿ ಸಹಿ ಹಾಕುತ್ತಿದ್ದರು. ಮಕ್ಕಳ ತಲೆಗೆ ಮಾತ್ರ ಏನೂ ಹತ್ತುತ್ತಿರಲಿಲ್ಲ.

ಒಂದು ಸಂಜೆ ಅಡುಗೆಮನೆಯಲ್ಲಿ ಸೊಸೆ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಅತ್ತೆ ನೋಡಿದರು. ಬಟಾಣಿ ಸುಲಿಯುತ್ತಲೇ, “ಆಮೇಲೆ ಅಳುವಂತೆ. ನಾಳೆ ಅದೇನು ಪಾಠ ಹೇಳ್ತೀಯೋ, ಮೊದಲು ನನಗೆ ಹೇಳು ನೋಡೋಣ,” ಅಂದರು.

ಟೀಚರ್ ಶುರುಮಾಡಿದರು: “ಪೂರ್ಣ ಸಂಖ್ಯೆಗಳೆಂದರೇನು ಎಂಬುದನ್ನು ನಾವು ಈ ಹಿಂದೆ ವಿವರವಾಗಿ ತಿಳಿದುಕೊಂಡಿದ್ದೇವೆ. ಅದರ ಮುಂದುವರಿದ ಭಾಗವಾಗಿ...”

ಅತ್ತೆ ಒಂದು ಹುಬ್ಬು ಏರಿಸಿ ಬಾಯಿ ತುಂಬ ಆಕಳಿಸಿದರು. “ಅಯ್ಯೋ, ಪೀಠಿಕೆಗೇ ನಿದ್ದೆ ಬಂತಲ್ಲೇ! ಊಟಕ್ಕೆ ಕೂತವರಿಗೆ ತಟ್ಟೆ ತೊಳೆದ ಕಥೆ ಯಾಕೆ? ಬಡಿಸು.”

ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಪೀಠಿಕೆಗೆ ಕತ್ತರಿ ಹಾಕಿದರು. ಮರುದಿನ ಬೆಂಚಿಗೊಂದು ಕಾಗದದ ಪಟ್ಟಿ ಕೊಟ್ಟು, “ಮೂರು ಜನ ಸಮನಾಗಿ ಹಂಚ್ಕೊಳ್ಳಿ,” ಅಂದರು. ನಿನ್ನ ಪಾಲು ದೊಡ್ಡದು, ನನ್ನದು ಚಿಕ್ಕದು ಅಂತ ಕೊನೆಯ ಬೆಂಚು ಜಗಳಕ್ಕೇ ನಿಂತಿತು. ಎಂಥ ಸೊಗಸಾದ ಜಗಳ!

ಅಂದಿನಿಂದ ಅದೇ ರೂಢಿಯಾಯಿತು. ಅತ್ತೆ ಆಕಳಿಸಿದ ಕಡೆ ಯೋಜನೆಯಲ್ಲಿ ಪೆನ್ಸಿಲ್ ಗೀಟು ಬೀಳುತ್ತಿತ್ತು. “ಹ್ಞಾಂ, ಆಮೇಲೆ?” ಅಂದ ಕಡೆ ಪಾಠ ಬೆಳೆಯುತ್ತಿತ್ತು. ಶಾಲೆ ಮುಗಿಸಿ ಬಂದ ಮೇಲೆ ಮತ್ತೆ ಪಂಚಾಯಿತಿ: ಮಕ್ಕಳು ಎಲ್ಲಿ ಕಿಟಕಿ ನೋಡಿದರು, ಯಾವ ಪ್ರಶ್ನೆಗೆ ಕೈ ಎತ್ತಿದರು. “ಈ ಸಲದ ಮಕ್ಕಳೇ ದಡ್ಡರು ಅತ್ತೆ,” ಎಂದು ಟೀಚರ್ ಗೊಣಗಿದರೆ, “ಹೌದಮ್ಮ, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಎಷ್ಟು ಚೆಂದದ ಸಂಜೆಗಳು ಅವು! ಜೋಗುಳದ ಹೆಸರಂತೂ ಎಲ್ಲರಿಗೂ ಮರೆತೇಹೋಯಿತು.

ಟೀಚರ್ ನಿವೃತ್ತರಾಗುವ ವರ್ಷ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಮಾತು ಬಿದ್ದುಹೋಯಿತು. ಯಾರು ಏನು ಹೇಳಿದರೂ ಸೂರು ನೋಡುತ್ತ ಮಲಗಿರುತ್ತಿದ್ದರು. “ನಾವು ಹೇಳೋದು ಅಮ್ಮನಿಗೆ ತಿಳೀತಾ ಇದೆಯೋ ಇಲ್ವೋ,” ಎಂದು ಗಂಡ ಬಾಗಿಲಲ್ಲಿ ನಿಂತು ಕಣ್ಣು ತುಂಬಿಕೊಂಡರು. ಟೀಚರಿಗೂ ಅದೊಂದೇ ಕೊರಗು. ದಿನವೂ ಮಂಚದ ಪಕ್ಕ ಕೂತು, ಅತ್ತೆ ಮೆಚ್ಚಿದ್ದ ಪಾಠಗಳನ್ನೆಲ್ಲ ಹೇಳಿದರು. ಉಹ್ಞೂಂ, ರೆಪ್ಪೆಯೂ ಅಲುಗಲಿಲ್ಲ.

ಒಂದು ಸಂಜೆ ಥಟ್ಟನೆ ಹೊಳೆಯಿತು. ಒಳ್ಳೆಯ ಪಾಠಕ್ಕೆ ‘ಆಮೇಲೆ?’ ಅನ್ನಲು ಮಾತು ಬೇಕು. ಕೆಟ್ಟ ಪಾಠಕ್ಕೆ ಬಾಯಿ ತೆರೆದರೆ ಸಾಕಲ್ಲ! ಟೀಚರ್ ಗಂಟಲು ಸರಿಮಾಡಿಕೊಂಡು, ಮೊದಲ ವರ್ಷದ ಅದೇ ರಾಗದಲ್ಲಿ, ಬೇಕೆಂತಲೇ ಎಳೆದೆಳೆದು ಶುರುಮಾಡಿದರು: “ಪೂರ್ಣ ಸಂಖ್ಯೆಗಳೆಂದರೇನು ಎಂಬುದನ್ನು ನಾವು ಈ ಹಿಂದೆ ವಿವರವಾಗಿ...”

ಅತ್ತೆಯ ಕಣ್ಣು ಸೂರಿನಿಂದ ನಿಧಾನಕ್ಕೆ ಇಳಿದು ಸೊಸೆಯ ಮುಖಕ್ಕೆ ಬಂತು. ಒಂದು ಹುಬ್ಬು ಮೇಲೇರಿತು. ಸೊಟ್ಟಗಾಗಿದ್ದ ಬಾಯಿ ತೆರೆದು, ದೊಡ್ಡದೊಂದು ಆಕಳಿಕೆ ಬಂತು.

“ರೀ, ಬನ್ರೀ ಇಲ್ಲಿ!” ಟೀಚರ್ ಅಳುತ್ತ ನಗುತ್ತ ಗಂಡನನ್ನು ಕೂಗಿದರು. “ಅತ್ತೆಗೆ ಬೇಜಾರಾಯ್ತು ಕಣ್ರೀ!”