ಮೇಲೆ ಹೋದವರ ಬಿಲ್ಲೆ

ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರೈಲಿನಲ್ಲಿ ನಾವು ಗೆಳೆಯರು ಕಡ್ಲೆಕಾಯಿ ತಿನ್ನುತ್ತಾ, ಅಮೆರಿಕದ ಬಾಹ್ಯಾಕಾಶ ನೌಕೆ ಶಟಲ್ ಎಷ್ಟು ಎತ್ತರ ಹಾರಿದೆಯೆಂದು ಜಗಳವಾಡುತ್ತಿದ್ದೆವು. ಎದುರಿಗಿದ್ದ ಗಣಿ ಕೆಲಸದ ಮುನಿಯಪ್ಪ ಕೇಳಿದರು, "ಮೇಲಕ್ಕೋಗಿರೋರು ಎಷ್ಟು ಜನ ಸಾಮಿ?"

"ಏಳು."

"ಅವರ ಬಿಲ್ಲೆ ಯಾರತ್ರ ಐತೆ?"

ನಾವು ನಕ್ಕೆವು, ಅವರು ನಗಲಿಲ್ಲ. ಗಣಿಗೆ ಇಳಿಯುವವರು ಗೇಟಿನಲ್ಲಿ ಹಿತ್ತಾಳೆ ಬಿಲ್ಲೆ ಕೊಟ್ಟು ಹೋಗಬೇಕು, ಮೇಲೆ ಬಂದು ವಾಪಸ್ ತಗೋಬೇಕು. ಬಿಲ್ಲೆ ಉಳಿದರೆ ಆಳು ಒಳಗೇ ಉಳಿದ ಹಾಗೆ.

"ಯಾರಾನಾ ಒಬ್ರು ಅವರ ಬಿಲ್ಲೆ ಮಡಿಕ್ಕೋಬೇಕಲ್ವಾ?" ಎಂದು ನಮ್ಮ ಪೊಟ್ಟಣದಿಂದ ಏಳು ಕಡ್ಲೆಕಾಯಿ ಎಣಿಸಿ ಜೇಬಿಗಿಳಿಸಿದರು.

ಶಟಲ್ ಇಳಿದ ಸುದ್ದಿಯನ್ನು ಅದೇ ರೈಲಿನಲ್ಲಿ ನಾನು ಅವರಿಗೆ ಓದಿ ಹೇಳಿದ ದಿನ ಏಳನ್ನೂ ನನ್ನ ಕೈಗಿಟ್ಟರು. "ಎಲ್ಲಾ ಬಂದ್ರು, ತಿನ್ನಿ."

ಮುಂದಿನ ಸಲ ಐದು ಜನ ಹಾರಿದರು. ಎಷ್ಟು ಎತ್ತರವೋ ನೆನಪಿಲ್ಲ. ಐದು ಕಡ್ಲೆಕಾಯಿ ನನ್ನ ಜೇಬಿನಲ್ಲಿದ್ದವು, ಹಸಿವಾದರೂ ಮುಟ್ಟಲಿಲ್ಲ.