ಹೊಲಿಗೆಯಕ್ಕನ ಸೋರೆಬಳ್ಳಿ

ಹೊಲಿಗೆಯಕ್ಕನ ಮುತ್ತಜ್ಜ ಬಾವಿ ತೋಡುವವನು. ಬಂಡೆ ಅಡ್ಡ ಬಂದರೂ ಹಾರೆ ಕೆಳಗಿಡದ ಗಟ್ಟಿ ಆಳು. ಅಜ್ಜಿ ಅವನಿಗಿಂತ ಒಂದು ಕೈ ಮೇಲು. ನೆರೆ ಬಂದು ಮನೆ ಬಿಡಬೇಕಾದಾಗ ಪಾತ್ರೆ ಪಡಗ ಅಲ್ಲೇ ಬಿಟ್ಟು, ಸೋರೆಬೀಜದ ಗಂಟನ್ನು ತಲೆಯ ಮೇಲಿಟ್ಟುಕೊಂಡು ನೀರು ದಾಟಿದವಳು. ಅಪ್ಪ ದರ್ಜಿ, ಕೈಗೆ ಸಿಕ್ಕ ಚಿಂದಿಯಲ್ಲೂ ಅವನಿಗೊಂದು ಕೂಸಿನ ಅಂಗಿ ಕಾಣುತ್ತಿತ್ತು. ಮುತ್ತಜ್ಜನ ಹಟ, ಅಜ್ಜಿಯ ಬೀಜ, ಅಪ್ಪನ ಹೊಲಿಗೆ ಯಂತ್ರ ಎಲ್ಲವೂ ಅಕ್ಕನ ಪಾಲಿಗೆ ಬಂದವು.

ನಮ್ಮ ಕಟ್ಟಡದ ತಾರಸಿಯಲ್ಲಿ ಒಡಕು ಬಕೆಟ್ಟು, ಹಳೆಯ ಬಣ್ಣದ ಡಬ್ಬಗಳಲ್ಲಿ ಆಕೆ ಸೊಪ್ಪು, ಬದನೆ, ಸೋರೆ ಬೆಳೆಯುತ್ತಾಳೆ. ಗೊಬ್ಬರಕ್ಕೆ ಮನೆಮನೆಯ ತರಕಾರಿ ಸಿಪ್ಪೆ. ಸಿಪ್ಪೆ ಕೊಟ್ಟವರಿಗೆ ಕಾಯಿ. ಎದುರುಬದುರು ಬಾಗಿಲಿದ್ದೂ ಮುಖ ತಿರುಗಿಸುತ್ತಿದ್ದವರು ಈಗ ಸಿಪ್ಪೆ ಡಬ್ಬಿ ಹಿಡಿದು ಮೆಟ್ಟಿಲಲ್ಲೇ ಹರಟುತ್ತಾರೆ. ಕೆಳಮನೆಯ ಇಸ್ತ್ರಿಯವನೊಬ್ಬ ಮಾತ್ರ, ತಾರಸಿಯ ಕೆಸರುನೀರು ಒಗೆದ ಬಟ್ಟೆಯ ಮೇಲೆ ತೊಟ್ಟಿಕ್ಕಿತೆಂದು ಜಗಳಾಡಿ ಮಾತು ಬಿಟ್ಟಿದ್ದ.

ಕಳೆದ ವರ್ಷ ಅಕ್ಕ ಮಂಡಿ ಆಪರೇಷನ್ನಿಗೆ ಆಸ್ಪತ್ರೆ ಸೇರಿದಳು. ಕೂಡಿಟ್ಟ ಬೀಜವೆಲ್ಲ ಮುಗಿದಿತ್ತು. ಬಳ್ಳಿಯಲ್ಲಿ ಬೀಜಕ್ಕೆಂದು ಬಿಟ್ಟ ಒಂದೇ ಕಾಯಿ, ಇನ್ನೂ ಎಳಸು. ಅದು ಬಲಿಯದಿದ್ದರೆ ಅಜ್ಜಿಯ ಸೋರೆಯ ವಂಶ ಅಲ್ಲಿಗೇ ಮುಗಿದಂತೆ. "ಯಾರಾದ್ರೂ ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಹೋದಳು.

ಎಲ್ಲರೂ ನೋಡಿಕೊಂಡರು. ಬೆಳಿಗ್ಗೆ ಮೇಲ್ಮನೆಯ ಸ್ಕೂಲು ಮೇಡಮ್ಮು, ಮಧ್ಯಾಹ್ನ ಅವರ ಎದುರುಮನೆಯ ಬಸ್ ಡ್ರೈವರು, ಸಂಜೆ ಅವನ ಹೆಂಡತಿ. ಉಳಿದವರು ಮರೆತಾರೆಂದು ಒಬ್ಬೊಬ್ಬರೂ ತುಂಬಿದ ಚೊಂಬು ಸುರಿದರು. ಅಕ್ಕ ಕೋಲೂರಿಕೊಂಡು ಬರುವಷ್ಟರಲ್ಲಿ ಬೇರು ಕೊಳೆತು ಬಳ್ಳಿ ಜೋತುಬಿದ್ದಿತ್ತು. ಕಾಯಿ ಕೈಯಿಟ್ಟರೆ ಪಿಚಕ್ಕೆನ್ನುತ್ತಿತ್ತು.

"ಯಾರ್ರೀ ನೀರು ಹಾಕಿದ್ದು?"

"ನಾನೇ ಅಕ್ಕ" ಎಂದು ಡ್ರೈವರೂ ಮೇಡಮ್ಮೂ ಒಟ್ಟಿಗೇ ಅಂದರು.

"ಗಿಡ ಸಾಕಿ ಅಂದ್ರೆ ಮೀನು ಸಾಕಿದೀರಲ್ಲಪ್ಪ."

ನಗಿಸಿದಳು ನಿಜ. ಆದರೆ ಅಂದು ಅವಳ ಯಂತ್ರದ ಸದ್ದು ಕೇಳಲಿಲ್ಲ.

ಸಂಜೆ ಇಸ್ತ್ರಿಯವನು ಬಂದ. ಜಗಳಕ್ಕೆ ಮೊದಲು, ಬಲಿತು ಅಡಿಗೆಗಾಗದ ಒಂದು ಗಿಡ್ಡ ಸೋರೆಯನ್ನು ಅಕ್ಕ ಅವನಿಗೆ ಕೊಟ್ಟಿದ್ದಳು. ಅದು ಒಣಗಿ ಅವನ ಮೊಮ್ಮಗಳ ಗಿಲಕಿಯಾಗಿತ್ತು. ಅದನ್ನೇ ತಂದು ಅಕ್ಕನ ಮುಂದೆ ಹಿಡಿದ.

"ಒಳಗೆ ಬೀಜ ಗಲಗಲ ಅನ್ನುತ್ತೆ. ಒಡೀರಿ ಅಕ್ಕ."

"ಮಗು ಅಳಲ್ವೇನೋ?"

"ಅಳ್ತಾಳೆ. ನೀವು ಅಳೋದು ನೋಡೋದಕ್ಕಿಂತ ವಾಸಿ."

"ನಾನೆಲ್ಲಿ ಅತ್ತೆ? ದಿನವಿಡೀ ಹಬೆ ಕುಡಿದು ನಿನ್ನ ಕಣ್ಣೇ ಮಂಜಾಗಿದೆ."

ಹಾಗೆಂದರೂ ಅಕ್ಕ ಕೂಡಲೇ ಒಡೆಯಲಿಲ್ಲ. ಮೊದಲು ಯಂತ್ರ ತುಳಿದು, ಬಣ್ಣದ ಚಿಂದಿಯೊಳಗೆ ಗುಂಡಿಗಳನ್ನು ತುಂಬಿ ಹೊಸ ಗಿಲಕಿ ಹೊಲಿದಳು. ಮಗು ಅದನ್ನು ಆಡಿಸಿ ನಕ್ಕ ಮೇಲೆಯೇ ಕತ್ತರಿಯ ಹಿಡಿಯಿಂದ ಸೋರೆಗೆ ಕುಟ್ಟಿದಳು. ಬೀಜ ಅಂಗೈಗೆ ಸುರಿಯಿತು. ಒಂದನ್ನು ತನ್ನ ಬಕೆಟ್ಟಿನಲ್ಲಿ ಊರಿ, ಉಳಿದವನ್ನು ಮನೆಮನೆಗೆ ಹಂಚಿದಳು. ಇನ್ನು ಒಂದು ಬಳ್ಳಿ ಸತ್ತರೂ ವಂಶ ಉಳಿಯುತ್ತದೆ.

ಮೊಳಕೆ ಒಡೆದ ದಿನ ಅಕ್ಕ ಕುಂಟುತ್ತ ನೀರು ಹೊರುವುದನ್ನು ಕಂಡು ಇಸ್ತ್ರಿಯವನು ಚೊಂಬಿಗೆ ಕೈ ಹಾಕಿದ.

"ಬಿಡೋ ಕೈಯ. ನಿಮ್ಮೆಲ್ಲರ ಪ್ರೀತಿನ ನನ್ನ ಬಳ್ಳಿ ತಡ್ಕೊಳ್ಳಲ್ಲ. ಮೊಮ್ಮಗಳನ್ನ ಕರ್ಕೊಂಡು ಬಾ, ಕೂತ್ಕೋ, ಬೇಕಾದಷ್ಟು ಮಾತಾಡು. ನೀರು ಮಾತ್ರ ನಾನೇ ಹಾಕ್ಕೋತೀನಿ."