ಅತ್ತೆಯ ಸೋಮವಾರಗಳು

ಶಾರದಾ, ನಿನ್ನ ಅವ್ವ ಊಟ ಬಿಟ್ಟದ್ದು ವಯಸ್ಸಾಗಿ ಅಲ್ಲ, ನನ್ನ ಸುಳ್ಳಿನಿಂದ. ನಾಲ್ಕು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನೆದುರು ಒಳ್ಳೆಯ ಅತ್ತಿಗೆಯಾಗಿ ಓಡಾಡಿದೆ. ಇನ್ನು ನನ್ನಿಂದ ಆಗುವುದಿಲ್ಲ.

ಅತ್ತೆಗೆ ಮರೆವು ಹತ್ತಿತ್ತು, ಬಾಯಲ್ಲಿ ಹಲ್ಲೂ ಇರಲಿಲ್ಲ. ಒಂದು ದಿನ ಮೊಬೈಲಿನಲ್ಲಿ ನೋಡಿ ಹೊಸ ಅಡುಗೆ ಮಾಡಿದೆ — ಸಿಹಿಗುಂಬಳ ಬೇಯಿಸಿ ನುಣ್ಣಗೆ ಅರೆದು ತಟ್ಟೆಗೆ ಹರಡಿ, ಅದರ ಮೇಲೆ ಕಾವಲಿಯಲ್ಲಿ ಹುರಿದ ಹೊಳೆಮೀನು ಇಟ್ಟು, ಬೆಳ್ಳುಳ್ಳಿ, ಮೆಣಸು ಎಣ್ಣೆಯಲ್ಲಿ ಬಿಸಿ ಮಾಡಿ, ನಿಂಬೆ ಹಿಂಡಿ, ಬೆಚ್ಚಗಿರುವಾಗಲೇ ಸುರಿಯುವುದು. ಮುಳ್ಳು ಬಿಡಿಸಿ ತಿನ್ನಿಸಿದೆ. ಅತ್ತೆ ತಟ್ಟೆ ಬಳಿದು ತಿಂದರು. "ಎಂಥ ರುಸಿ ಕಣವ್ವ, ನಾಳಿಕ್ಕೂ ಮಾಡ್ಕೊಡು" ಅಂದರು. ನನಗೂ ಹಿಗ್ಗು.

ಆಮೇಲೆ ದಿನಾ ಅದೇ. ಬೆಳಗ್ಗೆ ಎದ್ದರೆ ಮೀನು, ಮಧ್ಯಾಹ್ನ ಮೀನು. ಮುಳ್ಳು ಬಿಡಿಸುವುದಕ್ಕೇ ಒಂದು ಗಂಟೆ ಬೇಕು, ಒಂದು ಮುಳ್ಳು ಗಂಟಲಿಗೆ ಸಿಕ್ಕರೆ ಗತಿಯೇನು ಎಂಬ ಹೆದರಿಕೆ ಬೇರೆ. ತಲೆಕೆಟ್ಟು ಒಂದು ಗುರುವಾರ ಹೇಳಿಬಿಟ್ಟೆ — "ಇವತ್ತು ಸೋಮವಾರ ಅತ್ತೆ."

ಸೋಮವಾರ ಮನೆದೇವರ ವಾರ. ಅವರು ಗಲ್ಲ ಬಡಿದುಕೊಂಡು, "ತಪ್ಪಾಯ್ತು ಕಣಪ್ಪ ಸಿವ್ನೇ" ಅಂದರು. ಮೀನಿನ ಮಾತು ಅಲ್ಲಿಗೆ ನಿಂತಿತು. ನನಗೆ ಎಷ್ಟು ಹಾಯೆನಿಸಿತೆಂದರೆ — ಮರುದಿನವೂ ಹಾಗೇ ಹೇಳಿದೆ, ದಿನಾ ಹೇಳಿದೆ.

ಆದರೆ ಸೋಮವಾರ ಅವರು ಒಪ್ಪೊತ್ತು ಇರುತ್ತಿದ್ದರಲ್ಲ. ಮಧ್ಯಾಹ್ನ ಒಂದು ಊಟ, ರಾತ್ರಿ ಬರೀ ನೀರು. ಅದು ನನಗೆ ಹೊಳೆಯಲೇ ಇಲ್ಲ ಎಂದು ಬರೆಯಹೊರಟೆ... ಇಲ್ಲ, ಎರಡನೆಯ ದಿನವೇ ಗೊತ್ತಾಗಿತ್ತು. ರಾತ್ರಿ ಉಣ್ಣದಿದ್ದರೆ ಬೆಳಗ್ಗೆ ಹಾಸಿಗೆ ಒಗೆಯುವ ಕೆಲಸ ಕಮ್ಮಿ — ಹೀಗೆ ಯೋಚಿಸಿದವಳು ನಾನು. ಎರಡು ತಿಂಗಳಲ್ಲಿ ಅವರ ರವಿಕೆ ತೋಳು ಜೋಲಾಡತೊಡಗಿತು. ನಿಮ್ಮಣ್ಣ ಕೇಳಿದರೆ, "ಬ್ಯಾಡ ಅಂತಾರೆ, ನಾನೇನ್ಮಾಡ್ಲಿ" ಅನ್ನುತ್ತಿದ್ದೆ.

ಹಾಸನದ ಆಸ್ಪತ್ರೆಗೆ ಸೇರಿಸಿದಾಗ ನೀನು ಚನ್ನರಾಯಪಟ್ಟಣದಿಂದ ಓಡಿಬಂದೆ. ಅಷ್ಟರಲ್ಲಿ ಅವರಿಗೆ ಬೆಳಗೂ ಬೈಗೂ ತಿಳಿಯದೆ, ಉಂಡಾಯಿತು ಎಂದು ಮಧ್ಯಾಹ್ನದ್ದನ್ನೂ ಬಿಟ್ಟಿದ್ದರು. ನೀನು ಗಂಜಿಯ ಚಮಚ ಹಿಡಿದು, "ಶುಕ್ರವಾರ ಕಣವ್ವ, ಒಂದ್ ಗುಟುಕು ಕುಡಿ" ಎಂದು ಅಳುತ್ತಿದ್ದೆ.

"ಸೋಮಾರ ಕಣೆ. ನನ್ ಸೊಸೆ ಯೋಳವ್ಳೆ, ಅವ್ಳು ಸುಳ್ಳೇಳಾಕಿಲ್ಲ" ಅಂದರು ಅತ್ತೆ. ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿ, "ಅಲ್ವೇನವ್ವ?" ಎಂದು ಕೇಳಿದರು.

ಅಲ್ಲ ಎಂದಿದ್ದರೆ ಕುಡಿಯುತ್ತಿದ್ದರು. ನನ್ನ ಬಾಯಿಂದ ಬಂದರೆ ಸಾಕಿತ್ತು. ಆದರೆ ನೀನಿದ್ದೆ, ನಿಮ್ಮಣ್ಣ ಇದ್ದರು, ಮತ್ಯಾಕೆ ಹಾಗೆ ಹೇಳಿದೆ ಎಂದು ಕೇಳಿದರೆ — ಆ ಎರಡು ತಿಂಗಳೂ ಬಯಲಾದರೆ —

"ಹೂಂ ಅತ್ತೆ, ಸೋಮವಾರ" ಅಂದೆ.

ಮುದುಕಿಯ ಮನಸ್ಸು ನೋಯಿಸಬಾರದೆಂದು ಹಾಗಂದೆ ಎಂದು ನೀನು ತಿಳಿದೆ. ಸಂಜೆ ಯಾರೂ ಇಲ್ಲದಾಗ ಅವರ ಕಿವಿಯಲ್ಲಿ ನಿಜ ಹೇಳೋಣ ಎಂದುಕೊಂಡಿದ್ದೆ. ಹೇಳಿದೆ ಕೂಡ. ಅಷ್ಟು ಹೊತ್ತಿಗೆ ಅವರಿಗೆ ಯಾರ ಮಾತೂ ತಿಳಿಯುತ್ತಿರಲಿಲ್ಲ. ಮೂರನೆಯ ದಿನ ಹೋದರು.

ಮೊನ್ನೆ ನಿನ್ನ ಸೊಸೆಗೆ ನನ್ನನ್ನು ತೋರಿಸಿ, "ಸೊಸೆ ಅಂದ್ರೆ ಇಂಗಿರ್ಬೇಕು ಕಣವ್ವ" ಅಂದೆಯಲ್ಲ, ಆ ಹುಡುಗಿ ನನ್ನ ಕಾಲಿಗೆ ಬಿದ್ದಳು. ಅವಳಿಗೂ ಇದನ್ನು ಓದಿ ಹೇಳು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಅವ್ವನಿಗೆ ಹಸಿವೇ ಆಗುತ್ತಿರಲಿಲ್ಲ ಎಂದು ನೀನು ಇಂದಿಗೂ ಸಮಾಧಾನ ಮಾಡಿಕೊಳ್ಳುತ್ತೀಯ. ಆಗುತ್ತಿತ್ತು, ಶಾರದಾ. ನನಗೆ ಹೇಳುತ್ತಿದ್ದರು.